ಜ್ವರವೂ ಆಮಂತ್ರಣವೂ

ಮದುವೆಯ ಮುಹೂರ್ತಗಳು ಒಂದರ ಬೆನ್ನಿಗೊಂದು ಕೂಡಿಬರುವ ತಿಂಗಳುಗಳಲ್ಲಿ ನಮ್ಮ ಪಟ್ಟಣವಾಸಿ ಗೃಹಸ್ಥರ ಮನೆಗಳಲ್ಲಿ ಅರಿಸಿನ ಕುಂಕುಮ ಹಚ್ಚಿದ ಲಗ್ನಪತ್ರಿಕೆಗಳು ರಾಶಿ ಬೀಳುವುದು ವಾಡಿಕೆ. ಸಕುಟುಂಬ ಸಪರಿವಾರರಾಗಿ ಬಂದು ವಧೂವರರನ್ನು ಹರಸಬೇಕೆಂಬ ಅವುಗಳ ಒಕ್ಕಣೆಯನ್ನು ಬಾಯಿಪಾಠವಾಗಿ ಬಲ್ಲವರಿಗೆ ಕಲ್ಯಾಣಮಂಟಪದ ಬಾಗಿಲಲ್ಲಿ ಕೇಳಿಬರುವ ಇನ್ನೊಂದು ಮಾತೂ ಪರಿಚಿತವಾಗಿಯೇ ಇರಬೇಕು. ವಧುವಿನ ಸೋದರಮಾವನವರು ದೂರದ ಊರಿನಿಂದ ಬಂದಿಳಿಯುತ್ತಾರೆ. ಮುಖ ಬಾಡಿದೆ, ಕಣ್ಣು ಕೆಂಪಾಗಿದೆ. “ಮೂರು ದಿನದಿಂದ ಜ್ವರ, ಭಾವನವರೇ. ಆದರೂ ನಮ್ಮ ಹುಡುಗಿಯ ಮದುವೆ ತಪ್ಪಿಸುವುದುಂಟೇ? ಮಾತ್ರೆ ನುಂಗಿ ಬಂದುಬಿಟ್ಟೆ” ಎನ್ನುತ್ತಾರೆ. ಕೇಳಿದವರ ಮನಸ್ಸು ಕರಗುತ್ತದೆ. ಎಂಥ ಅಂತಃಕರಣವೆಂದು ನಾಲ್ಕು ಮಂದಿ ಹೊಗಳುತ್ತಾರೆ. ಅವರನ್ನು ಕೈಹಿಡಿದು ಕರೆದೊಯ್ದು ಮೊದಲನೆಯ ಸಾಲಿನಲ್ಲಿ ಕೂರಿಸಲಾಗುತ್ತದೆ.

ಆ ಮಹನೀಯರ ಪ್ರೀತಿಯನ್ನು ನಾವು ಶಂಕಿಸುವುದಿಲ್ಲ. ಆದರೆ ಆ ಹೊಗಳಿಕೆಯನ್ನು ನಾವು ಒಪ್ಪಲಾರೆವು. ತನ್ನ ಮೈಯಲ್ಲಿ ಪರರಿಗೆ ಅಂಟುವ ರೋಗವಿದೆಯೆಂದು ಬಲ್ಲವನು, ಬಲ್ಲನೆಂಬ ಕಾರಣದಿಂದಲೇ, ಜನಜಂಗುಳಿಯೊಳಗೆ ಕಾಲಿಡಬಾರದೆಂದೂ, ಹಾಗೆ ಕಾಲಿಡುವುದು ಎಷ್ಟೇ ಸದ್ಭಾವದಿಂದ ಕೂಡಿದ್ದರೂ ಅಪಚಾರವೇ ಎಂದೂ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಅದರೊಡನೆ ಇನ್ನೊಂದು ಮಾತನ್ನೂ ಸೇರಿಸುತ್ತೇವೆ. ಈ ಅಪಚಾರದಲ್ಲಿ ಹೆಚ್ಚಿನ ಪಾಲು ಬಂದವನದಲ್ಲ, ಬಾರದಿದ್ದರೆ ಮುನಿಸಿಕೊಳ್ಳುತ್ತಿದ್ದ ನಮ್ಮದು. ರೋಗವನ್ನು ಮಂಟಪದವರೆಗೆ ಹೊತ್ತು ತರುವ ವಾಹನವು ನಮ್ಮ ಸಮಾಜದ ದಾಕ್ಷಿಣ್ಯ. ಆ ದಾಕ್ಷಿಣ್ಯವನ್ನು ಸಡಿಲಿಸದೆ ರೋಗಿಯೊಬ್ಬನನ್ನೇ ದೂರುವುದು ನ್ಯಾಯವಾಗದು.

ಮೊದಲು ಮಂಟಪದೊಳಗೆ ಯಾರು ಯಾರು ಇದ್ದಾರೆಂಬುದನ್ನು ನೋಡೋಣ. ನಲವತ್ತು ವರ್ಷದ ಗಟ್ಟಿಮುಟ್ಟಾದ ಗೃಹಸ್ಥನಿಗೆ ನಾಲ್ಕು ದಿನದ ಶೀತಜ್ವರವೆಂದರೆ ನಾಲ್ಕು ದಿನದ ಕಷಾಯ ಮಾತ್ರ. ಆದರೆ ಅದೇ ಪಂಕ್ತಿಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿ ಕುಳಿತಿದ್ದಾರೆ. ಅರ್ಬುದರೋಗಕ್ಕೆ ಔಷಧಿ ಪಡೆಯುತ್ತ, ದೇಹದ ರಕ್ಷಣಾಶಕ್ತಿಯೆಲ್ಲ ಕುಂದಿದ ಚಿಕ್ಕಪ್ಪ ಇದ್ದಾರೆ. ಸಿಹಿಮೂತ್ರ ರೋಗದವರು, ಉಬ್ಬಸದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಮೂರು ತಿಂಗಳ ಬಸುರಿ, ಇನ್ನೂ ಯಾರಿಗೂ ಹೇಳಿಕೊಳ್ಳದವಳು, ಅತ್ತಿಗೆಯ ಪಕ್ಕದಲ್ಲಿ ನಿಂತಿದ್ದಾಳೆ. ಕೈಯಿಂದ ಕೈಗೆ ಸಾಗುತ್ತ ಎಲ್ಲರಿಂದಲೂ ಮುದ್ದಿಸಿಕೊಳ್ಳುತ್ತಿರುವ ಆರು ತಿಂಗಳ ಕೂಸಿದೆ. ನಮ್ಮ ದೇಶದ ಲಸಿಕಾ ಕ್ರಮದಂತೆ ದಡಾರದ ಮೊದಲ ಚುಚ್ಚುಮದ್ದು ಮಗುವಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ದೊರೆಯತಕ್ಕದ್ದು. ಅಲ್ಲಿಯವರೆಗೆ ಆ ಕೂಸಿಗೆ ದೊಡ್ಡವರ ವಿವೇಕವೇ ದೊಡ್ಡ ಕವಚ. ನಾಮಕರಣದ ತೊಟ್ಟಿಲಿನ ಮೇಲೆ ಬಾಗಿ ಕೆಮ್ಮುವ ನೆಂಟನು ಹರಸಲು ಬಂದದ್ದು ಯಾರನ್ನು, ಅಪಾಯಕ್ಕೆ ಗುರಿಮಾಡಿದ್ದು ಯಾರನ್ನು ಎಂಬುದನ್ನು ವಾಚಕರೇ ಆಲೋಚಿಸಲಿ.

ಮಾತ್ರೆಯ ವಿಷಯದಲ್ಲಿಯೂ ಒಂದು ಭ್ರಮೆಯುಂಟು. ಪ್ಯಾರಾಸಿಟಮಾಲ್ ಮೈಯ ಬಿಸಿಯನ್ನು ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಮಾತ್ರೆಯಿಂದ ಜ್ವರವಿಳಿದವನು ತನಗೆ ಗುಣವಾಯಿತೆಂದು ಭಾವಿಸಿ ಹೊರಡುತ್ತಾನೆ. ಗುಣವಾದದ್ದು ಅವನ ಆಯಾಸ. ಅವನ ಉಸಿರಿನಲ್ಲಿ ಇರುವುದು ಇದ್ದೇ ಇದೆ. ಶೀತಜ್ವರದ ಸೋಂಕು ಲಕ್ಷಣ ಕಾಣುವುದಕ್ಕೆ ಸುಮಾರು ಒಂದು ದಿನ ಮೊದಲೇ ಆರಂಭವಾಗಿ, ಬಳಿಕ ಐದಾರು ದಿನಗಳವರೆಗೂ ಹರಡಬಲ್ಲದು. ದಡಾರವಂತೂ ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ ಎದ್ದ ನಾಲ್ಕು ದಿನಗಳವರೆಗೆ ಅಂಟುತ್ತದೆ. ರೋಗಿಯು ಕೋಣೆಯಿಂದ ಎದ್ದುಹೋದ ಮೇಲೆಯೂ ಎರಡು ತಾಸುಗಳವರೆಗೆ ಅದರ ವಿಷಾಣು ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯಿಲ್ಲದ ಹತ್ತು ಮಂದಿ ಹತ್ತಿರವಿದ್ದರೆ ಒಂಬತ್ತು ಮಂದಿಗೆ ಅದು ತಗಲುವ ಸಂಭವವುಂಟು. ಆದುದರಿಂದ “ನಾನು ಮೂಲೆಯಲ್ಲಿ ಕುಳಿತು ಬೇಗ ಹೊರಟುಬಿಡುತ್ತೇನೆ” ಎಂಬ ಸಮಾಧಾನವು ಎಲ್ಲ ರೋಗಗಳಿಗೂ ಸಲ್ಲುವುದಿಲ್ಲ.

ಪ್ರೀತಿಯೇ ಅನರ್ಥಕ್ಕೆ ಕಾರಣವಾಗುವುದೆಂದರೆ ಅತಿಶಯೋಕ್ತಿಯೆಂದು ಕೆಲವರು ಭಾವಿಸಬಹುದು. ಅಂಥವರಿಗಾಗಿ ಅಮೆರಿಕ ದೇಶದ ಒಂದು ಪ್ರಸಿದ್ಧ ಪ್ರಸಂಗವನ್ನು ಇಲ್ಲಿ ಹೇಳುತ್ತೇವೆ. ೧೯೪೩ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಚಲನಚಿತ್ರನಟಿ ಜೀನ್ ಟಿಯರ್ನಿಯವರು ಗರ್ಭಿಣಿಯಾಗಿದ್ದಾಗ ಸೈನಿಕರ ವಿನೋದಕ್ಕಾಗಿ ಏರ್ಪಟ್ಟಿದ್ದ ಹಾಲಿವುಡ್ಡಿನ ಸಭಾಗೃಹಕ್ಕೆ ಹೋಗಿದ್ದರು. ಕೆಲವು ದಿನಗಳಲ್ಲಿ ಅವರಿಗೆ ರುಬೆಲ್ಲಾ, ಎಂದರೆ ಜರ್ಮನ್ ದಡಾರ, ಕಾಣಿಸಿಕೊಂಡಿತು. ಮೈಮೇಲೆ ನಾಲ್ಕು ಗುಳ್ಳೆ ತೋರಿ ಮಾಯವಾಗುವ ಸಣ್ಣ ಬೇನೆ ಅದು. ಆದರೆ ಹುಟ್ಟಿದ ಮಗುವಿಗೆ ಕಿವಿ ಕೇಳಿಸಲಿಲ್ಲ, ದೃಷ್ಟಿ ಮಂದವಾಗಿತ್ತು, ಬುದ್ಧಿಯು ಬೆಳೆಯಲೇ ಇಲ್ಲ. ಕೆಲಕಾಲದ ಮೇಲೆ ಒಂದು ಕೂಟದಲ್ಲಿ ಮಹಿಳೆಯೊಬ್ಬಳು ಆ ನಟಿಯ ಬಳಿಗೆ ಬಂದು, ಆ ದಿನಗಳಲ್ಲಿ ತನಗೆ ಅದೇ ಬೇನೆಯಿದ್ದು ತನ್ನನ್ನು ಪ್ರತ್ಯೇಕವಾಗಿ ಇರಿಸಿದ್ದರೆಂದೂ, ತನ್ನ ಮೆಚ್ಚಿನ ನಟಿಯನ್ನು ನೋಡುವ ಆಸೆಯಿಂದ ಕಟ್ಟಳೆ ಮುರಿದು ಸಭಾಗೃಹಕ್ಕೆ ಬಂದಿದ್ದೆನೆಂದೂ ಸಂತೋಷದಿಂದಲೇ ಹೇಳಿಕೊಂಡಳಂತೆ. ಇದನ್ನು ಟಿಯರ್ನಿಯವರು ೧೯೭೯ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಆ ಮಹಿಳೆ ದುಷ್ಟಳಲ್ಲ. ಅವಳಲ್ಲಿದ್ದದ್ದು ಅಭಿಮಾನ. ಗರ್ಭಿಣಿಯ ರುಬೆಲ್ಲಾ ಶಿಶುವಿನ ಕಣ್ಣನ್ನು ಕೆಡಿಸುತ್ತದೆಂಬುದನ್ನು ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು ತೋರಿಸಿದ್ದೇ ೧೯೪೧ರಲ್ಲಿ. ಎರಡು ವರ್ಷದ ಹಿಂದಿನ ಆ ಅರಿವು ಸಾಮಾನ್ಯ ಹೆಂಗಸೊಬ್ಬಳಿಗೆ ತಲುಪಿರಲಿಕ್ಕಿಲ್ಲ. ಆದರೆ ನಮಗೆ ಆ ನೆಪವಿಲ್ಲ. ೨೦೧೭ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನವು ನಮ್ಮ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆಶಾಲೆಗಳಲ್ಲಿ ಆ ಚುಚ್ಚುಮದ್ದು ಏತಕ್ಕೆ ಹಾಕಿದರೆಂಬುದನ್ನು ಬಲ್ಲ ಸಮಾಜವು, ತಿಳಿಯದೆ ಆಯಿತೆಂದು ಹೇಳಿ ಪಾರಾಗುವ ಹಾಗಿಲ್ಲ.

ಇದೆಲ್ಲ ಹೊಸದಾಗಿ ಪಾಶ್ಚಾತ್ಯರಿಂದ ಕಲಿಯಬೇಕಾದ ಪಾಠವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಹಿರಿಯರು ರೋಗಾಣುವನ್ನು ಕಂಡಿರಲಿಲ್ಲ. ಆದರೂ ಮನೆಯಲ್ಲಿ ಸಿಡುಬು ಕಾಣಿಸಿದರೆ “ಅಮ್ಮ ಬಂದಿದ್ದಾಳೆ” ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಆ ಸೊಪ್ಪನ್ನು ಕಂಡ ನೆಂಟನು ಹೊಸ್ತಿಲು ದಾಟದೆ ಹಿಂದಿರುಗುತ್ತಿದ್ದನು. ಮನೆಯವರೂ ಎಲ್ಲಿಗೂ ಹೋಗುತ್ತಿರಲಿಲ್ಲ. ಹೋಗಲಿಲ್ಲವೆಂದು ಯಾರೂ ಕೋಪಿಸುತ್ತಿರಲಿಲ್ಲ. ಪ್ಲೇಗು ಬಂದಾಗ ಎಷ್ಟೋ ಹಳ್ಳಿಗಳವರು ಊರು ಬಿಟ್ಟು ಹೊಲತೋಟಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದನ್ನು ನಮ್ಮ ಅಜ್ಜಂದಿರು ಕಥೆಯಾಗಿ ಹೇಳುತ್ತಿದ್ದರು. ಕಾರಣದ ವಿವರಣೆಯಲ್ಲಿ ಅವರು ತಪ್ಪಿರಬಹುದು. ನಡತೆಯಲ್ಲಿ ಅವರಿಗಿದ್ದ ವಿವೇಕವು ಕೆಲವು ಸಂಗತಿಗಳಲ್ಲಿ ನಮಗಿಂತ ಮಿಗಿಲಾಗಿತ್ತೆಂದೇ ಹೇಳಬೇಕು.

ಸೂತಕದ ಪದ್ಧತಿಯನ್ನು ನೋಡಿರಿ. ಮನೆಯಲ್ಲಿ ಸಾವಾದರೆ ಇಂತಿಷ್ಟು ದಿನ ಮಂಗಲಕಾರ್ಯಗಳಿಗೆ ಹೋಗುವಂತಿಲ್ಲ. ಹತ್ತಿರದ ನೆಂಟನೇ ಆಗಿರಲಿ, ಪ್ರಾಣಸ್ನೇಹಿತನೇ ಆಗಿರಲಿ, “ನಮಗೆ ಸೂತಕ, ಬರಲಾಗದು” ಎಂಬ ಒಂದು ಮಾತು ಸಾಕು. ಆತಿಥೇಯನು ಮರುಮಾತಾಡುವುದಿಲ್ಲ. ಬಾರದವನು ಆಮೇಲೆ ತಲೆತಗ್ಗಿಸಬೇಕಾಗಿಲ್ಲ. ಬಾರದಿರುವುದೇ ಅವನ ಮರ್ಯಾದೆ. ಆ ಸಂಪ್ರದಾಯದ ಶಾಸ್ತ್ರಾರ್ಥದ ಚರ್ಚೆ ನಮಗೆ ಇಲ್ಲಿ ಬೇಡ. ಅದರಲ್ಲಿ ಅಡಗಿರುವ ಸಾಮಾಜಿಕ ಜಾಣ್ಮೆ ನಮಗೆ ಬೇಕಾದದ್ದು. ಒಬ್ಬನನ್ನು ಆಮಂತ್ರಣದ ಋಣದಿಂದ ಒಂದೇ ಮಾತಿನಲ್ಲಿ, ಅವಮಾನವಿಲ್ಲದೆ ಬಿಡಿಸುವ ಉಪಾಯವನ್ನು ನಮ್ಮ ಸಮಾಜವು ಆಗಲೇ ಕಂಡುಕೊಂಡಿದೆ. ಸಾವಿಗೆ ಸಲ್ಲುವ ಆ ಬಿಡುಗಡೆಯನ್ನು ಜ್ವರಕ್ಕೂ ಸಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೈಲಿಗೆಯ ಹೆಸರಿನಲ್ಲಿ ನಮ್ಮ ಸಮಾಜವು ಮನುಷ್ಯರಿಗೆ ಮಾಡಿರುವ ಅನ್ಯಾಯಕ್ಕೆ ಮೇರೆಯಿಲ್ಲ. ಹುಟ್ಟಿನ ಕಾರಣದಿಂದ ಒಂದು ಜನಸಮೂಹವನ್ನೇ ಬಾಗಿಲ ಹೊರಗೆ ನಿಲ್ಲಿಸಿದ ಪಾಪಕ್ಕೂ, ಜ್ವರವಿದ್ದವನು ತಾನಾಗಿ ನಾಲ್ಕು ದಿನ ಮನೆಯಲ್ಲಿ ಉಳಿಯುವುದಕ್ಕೂ ಯಾವ ಸಂಬಂಧವೂ ಇಲ್ಲ. ನಾವು ಹೇಳುವ ದೂರವು ರೋಗಕ್ಕೆ ಸಂಬಂಧಿಸಿದ್ದು, ವ್ಯಕ್ತಿಗಲ್ಲ. ಅದಕ್ಕೆ ಮೊದಲುಂಟು, ಕೊನೆಯೂ ಉಂಟು. ಕೊನೆಯು ಬಂದ ದಿನ ಬಾಗಿಲು ಮತ್ತೆ ತೆರೆಯತಕ್ಕದ್ದು. ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲಿ ಬಹುಪಾಲು ಕ್ಷಯರೋಗಿಗಳಿಂದ ಸೋಂಕು ಹರಡುವುದು ನಿಲ್ಲುತ್ತದೆ. ಕುಷ್ಠರೋಗವೂ ಚಿಕಿತ್ಸೆ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ಅಂಟುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಚ್‌ಐವಿ ಸೋಂಕು ಸಹಪಂಕ್ತಿಯಿಂದಾಗಲಿ ಹಸ್ತಲಾಘವದಿಂದಾಗಲಿ ಹರಡುವುದೇ ಇಲ್ಲ. ಇಂಥವರನ್ನು ಸಮಾರಂಭಗಳಿಂದ ದೂರವಿಡುವುದು ವಿವೇಕವಲ್ಲ, ಕ್ರೌರ್ಯ. ಸೇವಾಗ್ರಾಮದಲ್ಲಿ ಕುಷ್ಠಪೀಡಿತರಾದ ಪರಚುರೆ ಶಾಸ್ತ್ರಿಗಳಿಗೆ ಗಾಂಧೀಜಿಯವರು ತಮ್ಮ ಕೈಯಾರೆ ಶುಶ್ರೂಷೆ ಮಾಡಿದುದನ್ನು ಮರೆತವರು ಮಾತ್ರ ಹಾಗೆ ಮಾಡಿಯಾರು.

ಬಲಾತ್ಕಾರದಿಂದ ಈ ಕೆಲಸ ಸಾಗದೆಂಬುದಕ್ಕೂ ನಮ್ಮ ಚರಿತ್ರೆಯೇ ಸಾಕ್ಷಿ. ೧೮೯೬ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ೧೮೯೭ರಲ್ಲಿ ಪುಣೆಯಲ್ಲಿ ಹಬ್ಬಿದಾಗ, ಪರಕೀಯ ಸರ್ಕಾರವು ರ‍್ಯಾಂಡನ ಅಧಿಕಾರದಲ್ಲಿ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿತು. ದೇವರ ಕೋಣೆ, ಅಡಿಗೆಮನೆಗಳೆನ್ನದೆ ಶೋಧ ನಡೆಯಿತು. ಹೆಂಗಸರ ಮಾನವನ್ನೂ ಲಕ್ಷಿಸಲಿಲ್ಲ. ಅದರ ಪರಿಣಾಮವೇನಾಯಿತು? ಜನರು ರೋಗಕ್ಕಿಂತ ಸರ್ಕಾರಕ್ಕೆ ಹೆಚ್ಚು ಹೆದರಿದರು. ರೋಗಿಗಳನ್ನು ಅಡಗಿಸಿಟ್ಟರು. ಆ ವರ್ಷದ ಜೂನ್ ೨೨ರಂದು ರ‍್ಯಾಂಡನು ಚಾಪೇಕರ ಸಹೋದರರ ಗುಂಡಿಗೆ ಗುರಿಯಾದನು. ಕೇಸರಿಯ ಬರಹಗಳಿಗಾಗಿ ಟಿಳಕರು ಹದಿನೆಂಟು ತಿಂಗಳ ಶಿಕ್ಷೆಗೆ ಒಳಗಾದರು. ಅದೇ ಪುಣೆಯಲ್ಲಿ, ಅದೇ ೧೮೯೭ರ ಮಾರ್ಚ್ ೧೦ರಂದು, ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತಲೇ ಆ ರೋಗ ತಗಲಿ ಸಾವಿತ್ರೀಬಾಯಿ ಫುಲೆಯವರು ಪ್ರಾಣ ಬಿಟ್ಟರು. ಒಂದೇ ಪಟ್ಟಣ, ಒಂದೇ ರೋಗ. ಬಂದೂಕು ಹಿಡಿದು ಬಂದವರಿಂದ ಜನರು ರೋಗಿಯನ್ನು ಬಚ್ಚಿಟ್ಟರು. ಮಮತೆಯಿಂದ ಬಂದವರ ಕೈಗೆ ರೋಗಿಯನ್ನು ಒಪ್ಪಿಸಿದರು. ಮರುವರ್ಷ, ೧೮೯೮ರ ಆಗಸ್ಟಿನಲ್ಲಿ, ಪ್ಲೇಗು ಬೆಂಗಳೂರನ್ನೂ ಹೊಕ್ಕಾಗ ನಮ್ಮ ಸೀಮೆಯವರೂ ಈ ಭಯವನ್ನು ಕಂಡುಂಡರು. ರೋಗವನ್ನು ಹೇಳಿಕೊಂಡರೆ ಶಿಕ್ಷೆಯೆಂಬ ಭಾವನೆ ಹುಟ್ಟಿದ ಕಡೆ ಯಾರೂ ಹೇಳಿಕೊಳ್ಳುವುದಿಲ್ಲವೆಂಬುದು ಆ ಕಾಲದ ಪಾಠ.

ಕಾನೂನು ಇಲ್ಲವೆಂದಲ್ಲ. ಪ್ರಾಣಾಪಾಯಕರವಾದ ರೋಗದ ಸೋಂಕು ಹರಡಬಹುದೆಂದು ತಿಳಿದೂ, ಅಥವಾ ತಿಳಿಯಲು ಕಾರಣವಿದ್ದೂ, ಅಲಕ್ಷ್ಯದಿಂದ ನಡೆದುಕೊಂಡವನಿಗೆ ಆರು ತಿಂಗಳವರೆಗೆ ಸಜೆಯನ್ನೋ ಜುಲ್ಮಾನೆಯನ್ನೋ ಎರಡನ್ನೋ ವಿಧಿಸಲು ೧೮೬೦ರ ದಂಡಸಂಹಿತೆಯಲ್ಲಿಯೇ ಅವಕಾಶವಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೨೭೧ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ದುರುದ್ದೇಶದಿಂದ ಮಾಡಿದರೆ ೨೭೨ನೆಯ ಕಲಮಿನಂತೆ ಎರಡು ವರ್ಷಗಳವರೆಗೆ ಸಜೆಯುಂಟು. “ತಿಳಿದೂ” ಎಂಬ ಪದಕ್ಕೆ ಕಾನೂನು ಕೊಟ್ಟಿರುವ ಭಾರವನ್ನು ವಾಚಕರು ಗಮನಿಸಬೇಕು. ಆದರೆ ಸೋದರಮಾವನನ್ನು ಪೋಲೀಸರಿಗೆ ಒಪ್ಪಿಸುವ ಮನೆ ಎಲ್ಲಿಯೂ ಇಲ್ಲ, ಇರಲೂ ಬೇಡ. ಇಲ್ಲಿ ಕೆಲಸ ಮಾಡಬೇಕಾದದ್ದು ಲೋಕರೂಢಿ.

ಲೋಕರೂಢಿ ಬದಲಾಗಬಲ್ಲದೆಂಬುದನ್ನು ನಾವೇ ಕಂಡಿದ್ದೇವೆ. ೨೦೨೦ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯ ವೃದ್ಧರೊಬ್ಬರದು. ಆ ವರ್ಷ ಮದುವೆಗೆ ಐವತ್ತು ಮಂದಿ, ಅಂತ್ಯಕ್ರಿಯೆಗೆ ಇಪ್ಪತ್ತು ಮಂದಿ ಎಂಬ ಮಿತಿಯನ್ನು ಸರ್ಕಾರವು ವಿಧಿಸಿತು. ಸಾವಿರ ಎಲೆ ಹಾಕಿಸದಿದ್ದರೆ ಮದುವೆಯೇ ಅಲ್ಲವೆಂದಿದ್ದ ಮನೆತನಗಳು ಅಂಗಳದಲ್ಲಿ ಮದುವೆ ಮುಗಿಸಿದವು. ಅಜ್ಜ ಅಜ್ಜಿಯರು ಕೈಯಲ್ಲಿ ಹಿಡಿದ ಮೊಬೈಲಿನ ತೆರೆಯ ಮೇಲೆಯೇ ಧಾರೆಯನ್ನು ನೋಡಿ ಅಕ್ಷತೆ ಎರಚಿದರು. ಆ ಮದುವೆಗಳಾವುವೂ ಅದರಿಂದ ಸಿಂಧುವಾಗದೆ ಹೋಗಲಿಲ್ಲ, ಆ ಆಶೀರ್ವಾದಗಳು ವ್ಯರ್ಥವಾಗಲಿಲ್ಲ. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತು. ಅದರೊಡನೆ ನಮ್ಮ ವಿವೇಕವೂ ಮುಗಿಯಿತೋ ಎಂಬ ಸಂಶಯ ನಮಗೆ ಬರುತ್ತಿದೆ. ೨೦೨೧ರ ಬೇಸಗೆಯಲ್ಲಿ ಹಾಸಿಗೆಗಾಗಿ, ಪ್ರಾಣವಾಯುವಿಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಜನವೇ, ಇಂದು ಕೆಮ್ಮುತ್ತ ಪಂಕ್ತಿಯಲ್ಲಿ ಕುಳಿತವನನ್ನು “ಹವಾ ಬದಲಾದದ್ದು ಅಷ್ಟೇ” ಎಂದು ನಕ್ಕು ಬಿಟ್ಟುಬಿಡುತ್ತದೆ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಲಕ್ಷಣ ಕಾಣುವ ಮೊದಲೇ ರೋಗ ಹರಡುತ್ತದೆಂದ ಮೇಲೆ, ಕಂಡ ಬಳಿಕ ಮನೆಯಲ್ಲಿದ್ದು ಫಲವೇನೆಂದು ಕೆಲವರು ಕೇಳುತ್ತಾರೆ. ಕತ್ತಲಲ್ಲಿ ಎಡವಿ ಒಬ್ಬನ ಕಾಲು ತುಳಿದವನು ಕ್ಷಮ್ಯನು. ಬೆಳಕಿನಲ್ಲಿ ನೋಡಿಕೊಂಡೇ ತುಳಿದವನು ಆ ಕತ್ತಲೆಯನ್ನು ಸಾಕ್ಷಿಗೆ ಕರೆಯಬಾರದು. ತಿಳಿಯದ ದಿನಗಳಿಗೆ ನಾವು ಹೊಣೆಯಲ್ಲ. ತಿಳಿದ ದಿನಗಳಿಗೆ ಹೊಣೆ. ಹೇಗಿದ್ದರೂ ಎಲ್ಲರಿಗೂ ಒಂದು ದಿನ ಬರುವ ಬೇನೆಯೇ ಅಲ್ಲವೇ ಎಂಬುದು ಎರಡನೆಯ ಆಕ್ಷೇಪಣೆ. ಹೇಗಿದ್ದರೂ ಒಂದು ದಿನ ಸಾಯುವವರೇ ಎಂದು ಯಾರೂ ಯಾರನ್ನೂ ಬಾವಿಗೆ ತಳ್ಳುವುದಿಲ್ಲ. ಸಣ್ಣ ನೆಗಡಿಗೆಲ್ಲ ಮನೆ ಹಿಡಿದರೆ ಲೋಕವ್ಯವಹಾರ ಸಾಗುವುದು ಹೇಗೆಂಬುದು ಮೂರನೆಯದು. ಇದರಲ್ಲಿ ನ್ಯಾಯವುಂಟು. ಆದುದರಿಂದ ಸಾಮಾನ್ಯ ಗೃಹಸ್ಥನು ನೆನಪಿಡಬಹುದಾದ ಅಳತೆಗೋಲೊಂದನ್ನು ಹೇಳುತ್ತೇವೆ.

ಜ್ವರವಿಳಿಸುವ ಮಾತ್ರೆಯ ಸಹಾಯವಿಲ್ಲದೆ ಒಂದು ಹಗಲು ಒಂದು ರಾತ್ರಿ ಪೂರ್ತಿಯಾಗಿ ಜ್ವರವಿಲ್ಲದೆ ಕಳೆಯುವವರೆಗೆ ಜನರ ನಡುವೆ ಹೋಗಬಾರದು. ವಾಂತಿಭೇದಿಯಾದವರು ಅದು ನಿಂತ ಮೇಲೆ ಎರಡು ದಿನ ಕಾಯಬೇಕು. ಅಡಿಗೆಮನೆಗೂ ಬಡಿಸುವ ಪಾತ್ರೆಗೂ ಅಷ್ಟು ದಿನ ಕೈಹಾಕಲೇಬಾರದು. ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆಗಳಿದ್ದವರು ಎಲ್ಲವೂ ಒಣಗಿ ಹಕ್ಕಳೆಯಾಗುವವರೆಗೆ ಮನೆಯಲ್ಲಿರಬೇಕು. ದಡಾರ, ಮಂಗನಬಾವು, ನಾಯಿಕೆಮ್ಮುಗಳ ವಿಷಯದಲ್ಲಿ ವೈದ್ಯರನ್ನು ಕೇಳಿ ಅವರು ಹೇಳಿದ ದಿನವನ್ನು ಪಾಲಿಸಬೇಕು. ಬರಿಯ ನೆಗಡಿಯೆಂದು ತೋರಿದರೂ ಕೂಸು, ಬಸುರಿ, ಮುದುಕರ ಹತ್ತಿರ ಸುಳಿಯಬಾರದು, ಮುಖವಸ್ತ್ರವನ್ನು ತೆಗೆಯಬಾರದು. ತಾಯಿಯ ಅಂತ್ಯಕ್ರಿಯೆಯಂತಹ, ಮತ್ತೊಮ್ಮೆ ಬಾರದ ಸಂದರ್ಭವೊದಗಿದರೆ ಯಾರೂ ಮಗನನ್ನು ತಡೆಯಲಾರರು. ಆಗಲೂ ಅವನು ತನಗೆ ರೋಗವಿದೆಯೆಂದು ಬಾಯಿಬಿಟ್ಟು ಹೇಳಿ, ಬಯಲಿನಲ್ಲಿ ದೂರ ನಿಂತು, ತನ್ನ ಕರ್ತವ್ಯ ಮುಗಿಸಿ ಹೊರಡಬಹುದು. ಮುಚ್ಚಿಟ್ಟು ಬೆರೆಯುವುದಕ್ಕೂ ಹೇಳಿ ದೂರ ನಿಲ್ಲುವುದಕ್ಕೂ ಅಜಗಜಾಂತರವಿದೆ. ಹೇಳಿದರೆ ಬಸುರಿಯು ಎದ್ದು ಆಚೆ ಹೋಗಬಹುದು. ಮುಚ್ಚಿಟ್ಟರೆ ಅವಳ ಆ ಹಕ್ಕನ್ನೇ ಕಸಿದುಕೊಂಡಂತಾಯಿತು.

ಅನ್ನದ ಪ್ರಶ್ನೆಯನ್ನು ಬಿಟ್ಟು ಈ ವಿಷಯವನ್ನು ಮುಗಿಸುವಂತಿಲ್ಲ. ಮೇರಿ ಮ್ಯಾಲನ್ ಎಂಬ ಅಡಿಗೆಯವಳ ಹೆಸರು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಕುಖ್ಯಾತ. ತನಗೆ ಯಾವ ಲಕ್ಷಣವೂ ಇಲ್ಲದೆ ವಿಷಮಶೀತಜ್ವರದ ರೋಗಾಣುವನ್ನು ಹೊತ್ತಿದ್ದ ಅವಳನ್ನು ನ್ಯೂಯಾರ್ಕಿನ ಅಧಿಕಾರಿಗಳು ೧೯೦೭ರಲ್ಲಿ ಹಿಡಿದು ಒಂದು ದ್ವೀಪದಲ್ಲಿರಿಸಿದರು. ಇನ್ನು ಮುಂದೆ ಅಡಿಗೆ ಮಾಡುವುದಿಲ್ಲವೆಂಬ ಮಾತಿನ ಮೇಲೆ ೧೯೧೦ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದಿಂದ ಅಡಿಗೆಯಷ್ಟು ಸಂಪಾದನೆಯಾಗಲಿಲ್ಲ. ಹೆಸರು ಬದಲಾಯಿಸಿಕೊಂಡು ಅವಳು ಮತ್ತೆ ಸೌಟು ಹಿಡಿದಳು. ೧೯೧೫ರಲ್ಲಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ಮಂದಿಗೆ ಜ್ವರ ತಗಲಿ ಇಬ್ಬರು ಸತ್ತಾಗ, ಅಲ್ಲಿಯ ಅಡಿಗೆಮನೆಯಲ್ಲಿ ಸಿಕ್ಕಿದವಳು ಇವಳೇ. ೧೯೩೮ರಲ್ಲಿ ಸಾಯುವವರೆಗೂ ಅವಳ ವಾಸ ಆ ದ್ವೀಪದಲ್ಲಿಯೇ ಆಯಿತು. ಅವಳ ತಪ್ಪನ್ನು ನಾವು ಮರೆಸುವುದಿಲ್ಲ. ಆದರೆ ಕೈಯಲ್ಲಿದ್ದ ಕಸುಬನ್ನು ಬಿಡೆಂದವರು ಅದಕ್ಕೆ ಸಮನಾದ ಬೇರೆ ದಾರಿಯನ್ನು ಅವಳಿಗೆ ಒದಗಿಸಿಕೊಡಲಿಲ್ಲವೆಂಬುದನ್ನೂ ಮರೆಯಬಾರದು.

ನಮ್ಮ ಮಂಟಪಗಳ ಹಿಂಭಾಗದಲ್ಲಿ ಒಲೆಯ ಮುಂದೆ ಬೇಯುತ್ತಿರುವವರು, ಎಲೆ ತೆಗೆಯುವವರು, ನೀರು ಬಡಿಸುವ ಹುಡುಗರು ದಿನಗೂಲಿಯವರು. ಅವರಿಗೆ ಭೇದಿಯಾದರೂ ಕೆಮ್ಮು ಬಂದರೂ ಕೆಲಸಕ್ಕೆ ಬಾರದಿದ್ದರೆ ಆ ದಿನದ ಕೂಲಿ ಹೋಯಿತು. ನೌಕರರ ರಾಜ್ಯವಿಮೆಯಲ್ಲಿ ಕಾಯಿಲೆಯ ದಿನಗಳಿಗೆ ವೇತನದ ನೂರಕ್ಕೆ ಎಪ್ಪತ್ತರಷ್ಟು ದೊರೆಯುವ ಏರ್ಪಾಡುಂಟು. ಆದರೆ ಅದು ಆ ವಿಮೆಯ ಆಶ್ರಯಕ್ಕೆ ಸೇರಿದ ನೌಕರರಿಗೆ ಮಾತ್ರ. ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವನಿಗೆ ಅದು ನಿಲುಕುವುದು ವಿರಳ. ಲಕ್ಷಾಂತರ ರೂಪಾಯಿಗಳನ್ನು ಹೂವಿನ ಅಲಂಕಾರಕ್ಕೆ ಸುರಿಯುವ ಆತಿಥೇಯನು ಅಡಿಗೆಯ ಗುತ್ತಿಗೆದಾರನಿಗೆ, “ನಿಮ್ಮವರಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಮನೆಯಲ್ಲಿರಲಿ, ಅವರ ಕೂಲಿ ನಾನು ಕೊಡುತ್ತೇನೆ” ಎಂದು ಮೊದಲೇ ಹೇಳಿದರೆ ಅವನ ಖರ್ಚಿನಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಉಣ್ಣುವವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ.

ಅಧಿಕಾರಿವರ್ಗದವರಿಗೂ ನಮ್ಮದೊಂದು ವಿಜ್ಞಾಪನೆಯಿದೆ. ಕಾಯಿಲೆಯ ರಜೆ ಕೇಳಿದ ಗುಮಾಸ್ತನನ್ನು ಕಳ್ಳನಂತೆ ನೋಡುವ ಮೇಲಧಿಕಾರಿ, ಜ್ವರದಲ್ಲಿಯೂ ಕಡತ ಹಿಡಿದು ಸಭೆಗೆ ಬಂದವನನ್ನು ಕರ್ತವ್ಯನಿಷ್ಠನೆಂದು ಮೆಚ್ಚುವ ಸಾಹೇಬರು, ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ನೂರಕ್ಕೆ ನೂರು ಹಾಜರಿಯ ಬಹುಮಾನವೀಯುವ ಶಾಲೆ, ಇವರೆಲ್ಲರೂ ತಿಳಿಯದೆ ಒಂದೇ ಪಾಠವನ್ನು ಕಲಿಸುತ್ತಿದ್ದಾರೆ. ಆ ಬಹುಮಾನಕ್ಕಾಗಿ ಕೆಂಪು ಕಣ್ಣಿನಿಂದಲೇ ತರಗತಿಗೆ ಬಂದ ಬಾಲಕನು ಮುಂದೆ ಜ್ವರದಲ್ಲಿ ಮದುವೆಗೆ ಬರುವ ಸೋದರಮಾವನಾಗುತ್ತಾನೆ. ಹಾಜರಿಯೇ ಗುಣವೆಂಬ ಈ ಭ್ರಮೆಯನ್ನು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಬಿಡಿಸದೆ ಮಂಟಪದಲ್ಲಿ ಮಾತ್ರ ಬಿಡಿಸಲು ಸಾಧ್ಯವಾಗಲಾರದು.

ಹೀಗೆ ಬರೆಯುವಾಗ ನಾವು ನಮ್ಮನ್ನು ಹೊರಗಿಟ್ಟುಕೊಂಡಿಲ್ಲ. ಗಂಟಲು ಕಟ್ಟಿದ ಸ್ಥಿತಿಯಲ್ಲಿ ಸಭೆಗೆ ಹೋಗಿ ಭಾಷಣ ಮಾಡಿದ ದಿನಗಳು ನಮ್ಮ ನೆನಪಿನಲ್ಲಿಯೂ ಇವೆ. ಆಗ ಸಿಕ್ಕಿದ ಚಪ್ಪಾಳೆಯನ್ನು ಮರೆತಿಲ್ಲ. ಮುಂದಿನ ಸಾಲಿನಲ್ಲಿದ್ದ ವೃದ್ಧರಲ್ಲಿ ಯಾರು ಆ ವಾರ ಹಾಸಿಗೆ ಹಿಡಿದರೆಂಬುದನ್ನು ನಾವು ವಿಚಾರಿಸಲಿಲ್ಲ. ಈ ಅಪರಾಧದ ಸ್ವಭಾವವೇ ಅದು. ಮಾಡಿದವನಿಗೆ ಹೊಗಳಿಕೆ ಎದುರಿಗೇ ಸಿಗುತ್ತದೆ, ಫಲವು ಬೇರೊಂದು ಮನೆಯಲ್ಲಿ ಒಂದು ವಾರ ತಡವಾಗಿ ಕಾಣಿಸುತ್ತದೆ. ಕಾರ್ಯಕ್ಕೂ ಕಾರಣಕ್ಕೂ ಯಾರೂ ಗಂಟು ಹಾಕುವುದಿಲ್ಲ. ಆದುದರಿಂದಲೇ ಇಲ್ಲಿ ಪರರ ದೂಷಣೆಯನ್ನು ಕಾಯದೆ ಮನಸ್ಸಾಕ್ಷಿಯೇ ಎಚ್ಚರವಾಗಿರಬೇಕಾಗಿದೆ.

ಕೊನೆಯದಾಗಿ ಒಂದು ಸಣ್ಣ ಸಲಹೆ. ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ ಎಂಬ ಸಾಲನ್ನು ಲಗ್ನಪತ್ರಿಕೆಯ ಅಡಿಯಲ್ಲಿ ಅಚ್ಚುಮಾಡಿಸುವ ಸಂಪ್ರದಾಯ ನಮ್ಮಲ್ಲಿ ಬೇರೂರಿದೆ. ಮೊದಮೊದಲು ಅದನ್ನು ಜನ ನಂಬದಿದ್ದರೂ ಕ್ರಮೇಣ ನಂಬತೊಡಗಿದರು. ಅದರ ಕೆಳಗೆ ಇನ್ನೊಂದು ಸಾಲು ಇರಲಿ: “ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇರುವ ಬಂಧುಗಳು ಮನೆಯಲ್ಲಿಯೇ ವಿಶ್ರಮಿಸಿ ಅಲ್ಲಿಂದಲೇ ಹರಸಬೇಕಾಗಿ ವಿನಂತಿ. ಗುಣವಾದ ಮೇಲೆ ವಧೂವರರೇ ನಿಮ್ಮ ಮನೆಗೆ ಬಂದು ನಮಸ್ಕರಿಸುವರು.” ಈ ಎರಡು ವಾಕ್ಯಗಳನ್ನು ಅಚ್ಚುಹಾಕಿಸಲು ಹೆಚ್ಚಿನ ಹಣ ಬೇಕಿಲ್ಲ. ಮಾತು ಕೊಟ್ಟಂತೆ ಆಮೇಲೆ ವಧೂವರರನ್ನು ಕಳುಹಿಸುವ ಮನಸ್ಸು ಮಾತ್ರ ಬೇಕು. ಉಪಕಾರ ಮಾಡಲಾರದಿದ್ದರೂ ಅಪಕಾರ ಮಾಡಬೇಡವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಜ್ವರವಿದ್ದೂ ಬಂದವನನ್ನು ಇಂದು ಹೇಗೆ ಹೊಗಳುತ್ತೇವೆಯೋ, ಜ್ವರವಿದ್ದುದರಿಂದ ಬಾರದೆ ಉಳಿದವನನ್ನು ಹಾಗೆಯೇ ಹೊಗಳುವ ದಿನ ಬಂದರೆ, ನಮ್ಮ ಮಂಗಲಕಾರ್ಯಗಳು ನಿಜವಾಗಿಯೂ ಮಂಗಲವಾದುವೆಂದು ನಾವು ತಿಳಿಯುತ್ತೇವೆ.